ನುಂಗಿದ್ದೆಲ್ಲ ದೇಹದೊಳಗೆ ಹೋದಂತಲ್ಲ: ಏಳನೇ ತರಗತಿಯಲ್ಲಿ ಜೀರ್ಣಕ್ರಿಯೆಯ ಪಾಠ

ಬೋಧನಾಭ್ಯಾಸಕ್ಕಾಗಿ ನನಗೆ ಸಿಕ್ಕಿದ್ದು ಭದ್ರಾವತಿ ಓಲ್ಡ್ ಟೌನ್‌ನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ತರಗತಿ ಏಳು, ವಿಷಯ ವಿಜ್ಞಾನ, ಘಟಕ ‘ಪ್ರಾಣಿಗಳಲ್ಲಿ ಪೋಷಣೆ’. ಅದರಲ್ಲಿ ಮಾನವನ ಜೀರ್ಣಾಂಗ ವ್ಯೂಹ ಎಂಬ ಉಪಘಟಕವನ್ನು ನಾನು ಎರಡು ಸಲ ಪಾಠ ಮಾಡಬೇಕಾಯಿತು. ಮೊದಲ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಮಾತುಗಳೇ ಬಂದಿದ್ದವು. ಆದರೆ ಅದಾದ ನಾಲ್ಕು ದಿನಕ್ಕೆ ಅದೇ ತರಗತಿಯ ಒಬ್ಬ ಹುಡುಗಿ, ನನ್ನ ಪಾಠವನ್ನೇ ಕಾರಣವಾಗಿ ಕೊಟ್ಟು, ಕಬ್ಬಿಣಾಂಶದ ಮಾತ್ರೆ ನುಂಗಲು ಒಪ್ಪಲಿಲ್ಲ. ಆಕೆಯ ಮಾತಿನಿಂದ ನನ್ನ ಪಾಠದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ತಿಳಿಯಿತು. ಎರಡೂ ಪಾಠಗಳನ್ನು ನಡೆದಂತೆಯೇ ಇಲ್ಲಿ ಬರೆದಿದ್ದೇನೆ. ಇದೇ ಘಟಕವನ್ನು ಮುಂದೆ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು.

ಮೊದಲ ಪಾಠ

ಪಾಠಯೋಜನೆಯಲ್ಲಿ ನಾನು ಬರೆದುಕೊಂಡ ಉದ್ದೇಶಗಳು ಮೂರು: ಜೀರ್ಣಾಂಗಗಳನ್ನು ಗುರುತಿಸುವುದು, ಅವುಗಳನ್ನು ಕ್ರಮವಾಗಿ ಹೇಳುವುದು, ಪ್ರತಿಯೊಂದರ ಕೆಲಸವನ್ನು ವಿವರಿಸುವುದು. ಪೀಠಿಕೆಗೆ ‘ಬೆಳಿಗ್ಗೆ ಏನು ತಿಂದಿರಿ?’ ಎಂದು ಕೇಳಿದೆ. ಅವಲಕ್ಕಿ, ಚಿತ್ರಾನ್ನ, ಅಕ್ಕಿ ರೊಟ್ಟಿ ಎಂದು ಹೇಳಿದರು. ಇಬ್ಬರು ಟೀ, ಬನ್ನು ಎಂದರು. ‘ಈ ತಿಂಡಿ ಈಗ ಎಲ್ಲಿದೆ?’ ಎಂಬ ಪ್ರಶ್ನೆಗೆ ಇಡೀ ತರಗತಿ ಒಟ್ಟಿಗೆ ‘ಹೊಟ್ಟೇಲಿ!’ ಎಂದಿತು. ಆ ಉತ್ತರವನ್ನು ಪೂರ್ವಜ್ಞಾನ ಎಂದು ತೆಗೆದುಕೊಂಡು ಉದ್ದೇಶಕಥನ ಹೇಳಿ ಮುಂದೆ ಹೋದೆ. ಅಲ್ಲೇ ನಿಲ್ಲಬೇಕಿತ್ತು ಎಂದು ಈಗ ಅನಿಸುತ್ತದೆ.

ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ, ಗುದದ್ವಾರ. ಚಾರ್ಟ್ ತೋರಿಸಿ ಒಂದೊಂದನ್ನೂ ಹೇಳಿಸಿದೆ. ಅನ್ನ ಮತ್ತು ಅಯೋಡಿನ್ ಪ್ರಯೋಗವನ್ನೂ ಮಾಡಿಸಿದೆ. ಒಂದು ಪ್ರನಾಳದಲ್ಲಿ ಬರೀ ಅನ್ನ, ಇನ್ನೊಂದರಲ್ಲಿ ಅಗಿದ ಅನ್ನ. ಅಗಿಯಲು ಬಂದ ಹುಡುಗ ನಾಚಿಕೆಯಿಂದ ಎರಡು ಸಲ ಬಾಯಾಡಿಸಿ ಉಗುಳಿಬಿಟ್ಟ. ನನಗೂ ಸಮಯದ ಆತುರವಿತ್ತು, ಕೂಡಲೇ ಅಯೋಡಿನ್ ಹಾಕಿದೆ. ಎರಡೂ ಕಡುನೀಲಿಯಾದವು. ‘ಇದರಲ್ಲಿ ಬಣ್ಣ ಸ್ವಲ್ಪ ಕಡಿಮೆ ಇದೆ, ಅಲ್ವಾ?’ ಎಂದು ಕೇಳಿದೆ. ಮಕ್ಕಳು ‘ಹೌದು ಮಿಸ್’ ಎಂದರು. ಬಣ್ಣ ಕಡಿಮೆ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನನಗೆ ಹೆಚ್ಚು ಹೆಮ್ಮೆ ತಂದಿದ್ದು ಪಾಠದ ನಡುವೆ ಕೊಟ್ಟ ಹೋಲಿಕೆ. ಭದ್ರಾವತಿಯ ಹಿಂದಿನ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು ತಂದು ಇಲ್ಲಿ ಕರಗಿಸುತ್ತಿದ್ದರು. ತರಗತಿಯ ಹಲವು ಮಕ್ಕಳ ಅಜ್ಜಂದಿರು ಆ ಕಾರ್ಖಾನೆಯಲ್ಲಿ ದುಡಿದವರು. ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಬೋಧನಾ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂದುಕೊಂಡು ಹೀಗೆ ಹೇಳಿದೆ: ‘ಕುಲುಮೆಯ ಮೇಲ್ಗಡೆಯಿಂದ ಅದಿರು, ಇದ್ದಿಲು, ಸುಣ್ಣದಕಲ್ಲು ಹಾಕ್ತಾರೆ. ಒಳಗೆ ಬೆಂಕಿ ಇರುತ್ತೆ. ಕೆಳಗಡೆಯಿಂದ ಕಬ್ಬಿಣ ಬರುತ್ತೆ. ನಮ್ಮ ದೇಹವೂ ಹಾಗೇ. ಬಾಯಿಯಿಂದ ಆಹಾರ ಹಾಕ್ತೀವಿ, ಜಠರದಲ್ಲಿ ಜಠರಾಗ್ನಿ ಇದೆ.’ ಮಕ್ಕಳ ಮುಖ ಅರಳಿತು. ಕೊನೆಯ ಮೌಲ್ಯಮಾಪನದಲ್ಲಿ ಅಂಗಗಳ ಕ್ರಮವನ್ನು ಬಹುತೇಕ ಎಲ್ಲರೂ ಸರಿಯಾಗಿ ಬರೆದರು.

ಮಾತ್ರೆ ಕೊಡುವ ದಿನ

ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. 10ರಿಂದ 19 ವರ್ಷದವರಿಗೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ಬಿಸಿಯೂಟವಾದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಶಿಕ್ಷಕರ ಎದುರಿನಲ್ಲೇ ನುಂಗಿಸುವ ಪದ್ಧತಿ. ಆ ದಿನ ನನ್ನ ಮಾರ್ಗದರ್ಶಕ ಶಿಕ್ಷಕಿಯ ಜೊತೆ ನಾನೂ ನಿಂತಿದ್ದೆ. ಮೂರನೇ ಬೆಂಚಿನ ಹುಡುಗಿ ನೀರು ಕುಡಿದಳು, ಮಾತ್ರೆ ಮಾತ್ರ ಅಂಗೈಯಲ್ಲೇ ಉಳಿದಿತ್ತು. ಶಿಕ್ಷಕಿ ಗದರಿಸಲಿಲ್ಲ, ಯಾಕೆ ಎಂದಷ್ಟೇ ಕೇಳಿದರು.

‘ಸುಮ್ನೆ ವೇಸ್ಟು ಟೀಚರ್. ಹೋದ ವಾರ ತಗೊಂಡಿದ್ದೆಲ್ಲ ಹಂಗೇ ಹೊರಗೆ ಬಂತು. ಕಪ್ಪಗೆ. ಮಿಸ್ಸೇ ಹೇಳಿದ್ರಲ್ಲ, ಮೇಲಿಂದ ಹಾಕಿದ್ರೆ ಕೆಳಗಡೆಯಿಂದ ಕಬ್ಬಿಣ ಬರತ್ತೆ ಅಂತ.’

ಹಿಂದೆ ನಿಂತಿದ್ದ ಇಬ್ಬರು ಹುಡುಗಿಯರು ‘ನಮಗೂ ಹಂಗೇ’ ಎಂದರು. ನನಗೆ ತಕ್ಷಣ ಏನು ಹೇಳಬೇಕೆಂದು ತೋಚಲಿಲ್ಲ. ಮಾತ್ರೆ ತೆಗೆದುಕೊಂಡವರಿಗೆ ಮಲ ಕಪ್ಪಾಗುವುದು ಸಾಮಾನ್ಯ, ಅದರಿಂದ ತೊಂದರೆಯಿಲ್ಲ ಎಂದು ಶಿಕ್ಷಕಿ ಅವರಿಗೆ ಸಮಾಧಾನ ಹೇಳಿದರು. ಹುಡುಗಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಮಾತ್ರೆಯನ್ನು ಪೆಟ್ಟಿಗೆಗೆ ಹಿಂದಿರುಗಿಸಿ ಹೋದಳು.

ಸಂಜೆ ಶಿಕ್ಷಕಿ ನನಗೆ ಹೇಳಿದ್ದು ಎರಡೇ ಮಾತು: ‘ಆ ಹುಡುಗಿ ಪಾಠ ತಪ್ಪಾಗಿ ಕೇಳಿಸಿಕೊಂಡಿಲ್ಲ ನೋಡಿ. ನೀವು ಹೇಳಿದ್ದನ್ನ ಸರಿಯಾಗಿಯೇ ಕಲಿತಿದ್ದಾಳೆ.’

ಇದನ್ನು ಸಣ್ಣ ವಿಷಯ ಎಂದು ಬಿಡುವಂತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಏಳನೇ ತರಗತಿಯ ಹುಡುಗಿಯರು ಆ ವಯಸ್ಸಿನ ಹೊಸ್ತಿಲಲ್ಲಿ ಇರುವವರು. ಅವರು ಮಾತ್ರೆ ಬಿಡಲು ನನ್ನ ವಿಜ್ಞಾನದ ಪಾಠವೇ ಕಾರಣವಾಗಬಾರದು.

ತಪ್ಪು ಎಲ್ಲಿತ್ತು?

ಮರುದಿನ ಹತ್ತು ನಿಮಿಷ ಕೇಳಿ ಪಡೆದು, ಮಕ್ಕಳಿಗೆಲ್ಲ ಮನುಷ್ಯನ ಬರಿಯ ಹೊರರೇಖೆ ಇರುವ ಹಾಳೆ ಕೊಟ್ಟೆ. ‘ಬೆಳಿಗ್ಗೆ ತಿಂದ ತಿಂಡಿ ಹೋಗುವ ದಾರಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅದು ನಮ್ಮ ಮೈಗೆ ಸೇರುವ ಜಾಗದಲ್ಲಿ ಕೆಂಪು ಚುಕ್ಕಿ ಇಡಿ’ ಎಂದೆ. ದಾರಿಯನ್ನು ಹೆಚ್ಚಿನವರು ಚೆನ್ನಾಗಿಯೇ ಬರೆದಿದ್ದರು. ಕೆಂಪು ಚುಕ್ಕಿ ಮಾತ್ರ ಬಹಳ ಮಂದಿಯದ್ದು ಜಠರದಲ್ಲಿತ್ತು, ಕೆಲವರದ್ದು ಗಂಟಲಲ್ಲಿತ್ತು. ಸಣ್ಣ ಕರುಳಿನ ಮೇಲೆ ಚುಕ್ಕಿ ಇಟ್ಟವರು ನಾಲ್ವರು. ಕರುಳಿನ ಗೋಡೆ ದಾಟಿ ಆಹಾರ ಹೊರಗೆ ಹೋಗುವಂತೆ ಬಾಣ ಬರೆದವರು ಯಾರೂ ಇಲ್ಲ. ದಾರಿ ಎಲ್ಲರದ್ದೂ ಎರಡು ತುದಿಯ ಕೊಳವೆ. ಮೇಲೆ ಹೋಗಿದ್ದು ಕೆಳಗೆ ಬರಬೇಕು, ನಡುವೆ ಎಲ್ಲೂ ಬಾಗಿಲಿಲ್ಲ.

ಹಾಳೆಗಳನ್ನು ಮುಂದಿಟ್ಟುಕೊಂಡು ಪಾಠಯೋಜನೆಯನ್ನು ಮತ್ತೆ ಓದಿದಾಗ ಮೂರು ತಪ್ಪು ಕಂಡವು.

ಮೊದಲನೆಯದು ‘ಹೊಟ್ಟೆ’ ಎಂಬ ಪದ. ಮನೆಮಾತಿನಲ್ಲಿ ಹೊಟ್ಟೆ ಎಂದರೆ ಉದರ, ಜಠರ, ಕರುಳು ಎಲ್ಲವೂ. ಹೊಟ್ಟೆ ಹಸಿಯುತ್ತದೆ, ಹೊಟ್ಟೆ ನೋಯುತ್ತದೆ, ಹೊಟ್ಟೆ ತುಂಬುತ್ತದೆ. ಪಠ್ಯಪುಸ್ತಕದ ‘ಜಠರ’ ಬಂದಾಗ ಮಕ್ಕಳು ಅದನ್ನು ಈ ದೊಡ್ಡ ಹೊಟ್ಟೆಯ ಇನ್ನೊಂದು ಹೆಸರು ಎಂದುಕೊಂಡರು. ಹಾಗಾಗಿ ಎಲ್ಲ ಕೆಲಸವೂ ಜಠರದಲ್ಲೇ ಮುಗಿಯಿತು, ಕರುಳು ಬರೀ ಹೊರಹೋಗುವ ದಾರಿಯಾಯಿತು.

ಎರಡನೆಯದು ಕುಲುಮೆಯ ಹೋಲಿಕೆ. ಕುಲುಮೆಯಲ್ಲಿ ನಮಗೆ ಬೇಕಾದ ಕಬ್ಬಿಣವೂ ಬೇಡದ ಕಿಟ್ಟವೂ ಎರಡೂ ಕೆಳಗಡೆಯಿಂದಲೇ ಬರುತ್ತವೆ. ದೇಹದಲ್ಲಿ ಬೇಕಾದದ್ದು ಪಕ್ಕದ ಗೋಡೆಯಿಂದ ಹೋಗುತ್ತದೆ, ಮಿಕ್ಕದ್ದು ಮಾತ್ರ ಕೆಳಗೆ ಬರುತ್ತದೆ. ನಾನು ಕೊಟ್ಟ ಹೋಲಿಕೆ ಪಾಠದ ಮುಖ್ಯ ಜಾಗದಲ್ಲೇ ತಪ್ಪಾಗಿತ್ತು.

ಮೂರನೆಯದು ನನ್ನ ಪ್ರಶ್ನೆಗಳು. ‘ಮುಂದೆ ಎಲ್ಲಿಗೆ ಹೋಗುತ್ತದೆ?’ ಎಂದು ಆರೇಳು ಸಲ ಕೇಳಿದ್ದೆ. ‘ಇಲ್ಲಿಂದ ರಕ್ತಕ್ಕೆ ಏನು ಹೋಯಿತು?’ ಎಂದು ಒಮ್ಮೆಯೂ ಕೇಳಿರಲಿಲ್ಲ.

ಎರಡನೇ ಪಾಠ

ಈ ಸಲ ಒಂದೇ ಉದ್ದೇಶ ಬರೆದುಕೊಂಡೆ: ‘ಜೀರ್ಣನಾಳದಲ್ಲಿರುವ ಆಹಾರ ಇನ್ನೂ ದೇಹವನ್ನು ಸೇರಿಲ್ಲ, ನಾಳದ ಗೋಡೆ ದಾಟಿದಾಗ ಮಾತ್ರ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಯು ಕಾರಣ ಸಹಿತ ವಿವರಿಸುವನು/ಳು.’ ಎರಡು ಅವಧಿ ಬೇಕಾಯಿತು.

ಒಂದು: ವಡೆಯ ತೂತು. ಹೋಟೆಲಿನಿಂದ ಉದ್ದಿನ ವಡೆ ತಂದಿದ್ದೆ. ತೂತಿನೊಳಗೆ ಒಂದು ಕಡ್ಡಿ ತೂರಿಸಿ ‘ಕಡ್ಡಿ ವಡೆಯ ಒಳಗಿದೆಯೋ ಹೊರಗಿದೆಯೋ?’ ಎಂದು ಕೇಳಿದೆ. ಒಳಗೆ ಎಂದು ಕೆಲವರು, ಹೊರಗೆ ಎಂದು ಕೆಲವರು. ಒಬ್ಬ ಎದ್ದು ಬಂದು ಕಡ್ಡಿಯನ್ನು ವಡೆಯ ಹಿಟ್ಟಿಗೇ ಚುಚ್ಚಿ, ‘ಒಳಗೆ ಅಂದ್ರೆ ಹಿಂಗೆ ಮಿಸ್, ಅದು ಬರೀ ದಾಟಿ ಹೋಯ್ತು’ ಎಂದ. ಬಾಯಿಯಿಂದ ಗುದದ್ವಾರದವರೆಗೆ ನಮ್ಮ ಮೈಯಲ್ಲೂ ಇಂಥದೇ ಒಂದು ಉದ್ದನೆಯ ತೂತಿದೆ ಎಂದೆ. ಸ್ವಲ್ಪ ಹೊತ್ತು ಗದ್ದಲ. ಆಗ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು: ‘ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗೋ ರೈಲು ನಮ್ಮೂರಲ್ಲಿ ನಿಲ್ಲತ್ತೆ. ಇಳೀದೇ ಇದ್ದೋರು ಭದ್ರಾವತಿಗೆ ಬಂದಂಗಲ್ಲ.’ ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಆಮೇಲೆ ಎರಡೂ ಅವಧಿಗಳಲ್ಲಿ ‘ಇಲ್ಲಿ ಯಾರು ಇಳಿದರು?’ ಎಂಬುದೇ ನಮ್ಮ ಪ್ರಶ್ನೆಯಾಯಿತು.

ಎರಡು: ಬಾಯಿ. ಇಳಿಯಬೇಕಾದರೆ ಚಿಕ್ಕದಾಗಬೇಕು. ಇದಕ್ಕೆ ಮಣಿಸರ ಮತ್ತು ಜರಡಿ ಬಳಸಿದೆ. ಪೋಣಿಸಿದ ಸರ ಜರಡಿಯ ಮೇಲೇ ಉಳಿಯಿತು. ದಾರ ಕತ್ತರಿಸಿದಾಗ ಮಣಿಗಳು ಒಂದೊಂದಾಗಿ ಕೆಳಗೆ ಬಿದ್ದವು. ಅನ್ನದಲ್ಲಿರುವ ಪಿಷ್ಟವು ಗ್ಲುಕೋಸ್ ಎಂಬ ಮಣಿಗಳ ಸರ, ಲಾಲಾರಸದ ಅಮೈಲೇಸ್ ಎಂಬ ಕಿಣ್ವ ಅದನ್ನು ತುಂಡರಿಸಲು ಶುರುಮಾಡುತ್ತದೆ ಎಂದು ಹೇಳಿ, ಅಯೋಡಿನ್ ಪ್ರಯೋಗವನ್ನು ಮತ್ತೆ ಮಾಡಿಸಿದೆ. ಹಿಂದಿನ ಸಲ ಎರಡೂ ಪ್ರನಾಳಗಳ ಬಣ್ಣ ಒಂದೇ ಆಗಿತ್ತು, ನಾನು ಸರಿಯಾಗಿ ಹೇಳಲಿಲ್ಲ ಎಂದು ಮೊದಲೇ ಒಪ್ಪಿಕೊಂಡೆ. ಈ ಸಲ ಅನ್ನವನ್ನು ಪೂರ್ತಿ ಎರಡು ನಿಮಿಷ ಅಗಿದು, ಪ್ರನಾಳವನ್ನು ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಇಟ್ಟೆವು. ಅಗಿಯದ ಅನ್ನ ಕಡುನೀಲಿಯಾಯಿತು. ಅಗಿದ ಅನ್ನದಲ್ಲಿ ತಿಳಿಯಾದ ಕಂದು ಬಣ್ಣ ಉಳಿಯಿತು. ಅಗಿಯುತ್ತಾ ಹೋದಂತೆ ಅನ್ನ ಸಿಹಿಯಾಗುವುದನ್ನೂ ಎಲ್ಲರೂ ನೋಡಿದರು. ಬಾಯಿಯಲ್ಲಿ ಯಾರಾದರೂ ಇಳಿದರೇ? ತುಂಡಾಗಲು ಶುರುವಾಯಿತು, ಆದರೆ ಆಹಾರ ಇಳಿಯಲಿಲ್ಲ.

ಮೂರು: ಅನ್ನನಾಳ ಮತ್ತು ಜಠರ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ತುತ್ತು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ. ಅದು ಕಲ್ಲು ಬಿದ್ದಂತೆ ಬೀಳುವುದಿಲ್ಲ, ನಾಳದ ಸ್ನಾಯುಗಳು ಹಿಂದಿನಿಂದ ಹಿಂಡಿ ಮುಂದಕ್ಕೆ ತಳ್ಳುತ್ತವೆ. ಹಳೆಯ ಸೈಕಲ್ ಟ್ಯೂಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟು, ಕೈಯಿಂದ ಹಿಂಡುತ್ತಾ ಮೇಲ್ಮುಖವಾಗಿಯೂ ತಳ್ಳಿ ತೋರಿಸಿದೆ. ಮಲಗಿಕೊಂಡು ನುಂಗಿದರೂ ಆಹಾರ ಜಠರ ತಲುಪುವುದು ಇದರಿಂದಲೇ.

ಜಠರದಲ್ಲಿ ಬೆಂಕಿ ಇಲ್ಲ ಎಂಬುದನ್ನು ನಾನೇ ಹೇಳಬೇಕಿತ್ತು, ಏಕೆಂದರೆ ಅಲ್ಲಿ ಬೆಂಕಿ ಇಟ್ಟಿದ್ದು ನಾನೇ. ‘ಹಂಗಾದ್ರೆ ಹೊಟ್ಟೆ ಉರಿ ಅಂತಾರಲ್ಲ ಮಿಸ್?’ ಎಂದು ಒಬ್ಬಳು ಕೇಳಿದಳು. ಪಕ್ಕದವಳು ‘ಅದು ನಿನಗೆ ಮಾರ್ಕ್ಸ್ ಜಾಸ್ತಿ ಬಂದ್ರೆ ನನಗೆ ಆಗೋದು’ ಎಂದಳು. ತರಗತಿ ನಕ್ಕಿತು. ನಕ್ಕು ಮುಗಿದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ವಿಷಯ ಹೇಳಿದೆ. ಜಠರದ ಬಿಸಿ ಮೈಯ ಬಿಸಿಯಷ್ಟೇ, ಸುಮಾರು 37 ಡಿಗ್ರಿ ಸೆಲ್ಸಿಯಸ್. ಉರಿಯುವುದು ಆಮ್ಲದಿಂದ. ಜಠರದ ಒಳಗೋಡೆಯನ್ನು ಲೋಳೆಯ ಪದರ ಕಾಪಾಡುತ್ತದೆ. ಆಮ್ಲ ಮೇಲಕ್ಕೆ ಅನ್ನನಾಳಕ್ಕೆ ಬಂದಾಗ ಎದೆಯುರಿ. ಆಮ್ಲ ಮತ್ತು ಪೆಪ್ಸಿನ್ ಕಿಣ್ವ ಸೇರಿ ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನನ್ನು ತುಂಡರಿಸಲು ಶುರುಮಾಡುತ್ತವೆ.

‘ಒಳಗೆ ಹಿಂಗೇ ಆಗತ್ತೆ ಅಂತ ಯಾರು ನೋಡಿದಾರೆ?’ ಎಂಬ ಪ್ರಶ್ನೆ ಬಂತು. ನೋಡಿದವರಿದ್ದಾರೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯವನಿಗೆ ಬಂದೂಕಿನ ಗುಂಡು ತಗುಲಿತು. ಗಾಯ ಮಾಗಿದರೂ ಜಠರಕ್ಕೆ ತೆರೆದುಕೊಂಡ ತೂತು ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ 1825ರಿಂದ ರೇಷ್ಮೆ ದಾರಕ್ಕೆ ಆಹಾರದ ತುಂಡುಗಳನ್ನು ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಗಂಟೆಗಂಟೆಗೆ ಎಳೆದು ನೋಡಿದ. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟಾಗಲೂ ಅದು ಮಾಂಸವನ್ನು ಕರಗಿಸಿತು. 1833ರಲ್ಲಿ ಅವನ ಪುಸ್ತಕ ಬಂತು. ಸೀಸೆಯಲ್ಲೂ ಕರಗಿತೆಂದರೆ ಕೆಲಸ ಮಾಡಿದ್ದು ರಸ, ಬೆಂಕಿಯಲ್ಲ ಎಂದು ಮಕ್ಕಳೇ ಹೇಳಿದರು. ಆಹಾರ ಜಠರದಲ್ಲಿ ಎರಡರಿಂದ ನಾಲ್ಕು ಗಂಟೆ ಕಳೆಯುತ್ತದೆ. ಇಷ್ಟು ದೊಡ್ಡ ನಿಲ್ದಾಣದಲ್ಲೂ ಇಳಿಯುವವರು ಬಹಳ ಕಡಿಮೆ.

ನಾಲ್ಕು: ಸಣ್ಣ ಕರುಳು. ಪಠ್ಯಪುಸ್ತಕ ಹೇಳುವ 7.5 ಮೀಟರ್ ಉದ್ದದ ಹಗ್ಗವನ್ನು ಮಕ್ಕಳು ಬಿಚ್ಚುತ್ತಾ ಹೋದರು. ಅದು ಬಾಗಿಲು ದಾಟಿ ವರಾಂಡಕ್ಕೆ ಹೋಯಿತು. ಇಷ್ಟುದ್ದದ ಕರುಳಿಗೆ ‘ಸಣ್ಣ’ ಎನ್ನುವುದು ಅದರ ದಪ್ಪ ಕಡಿಮೆ ಇರುವುದರಿಂದ. ದೊಡ್ಡ ಕರುಳಿನ ಉದ್ದ ಸುಮಾರು 1.5 ಮೀಟರ್ ಮಾತ್ರ. ಪಿತ್ತಜನಕಾಂಗದಿಂದ ಬರುವ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ರಸ ಪಿಷ್ಟ, ಪ್ರೋಟೀನ್, ಕೊಬ್ಬು ಮೂರರ ಮೇಲೂ ಕೆಲಸ ಮಾಡುತ್ತದೆ. ಸರದ ದಾರ ಪೂರ್ತಿ ಕತ್ತರಿಸುವುದು ಇಲ್ಲೇ.

ನಂತರ ಒಂದು ಪಂಚೆಯ ತುಂಡು ಮತ್ತು ಅಷ್ಟೇ ಅಳತೆಯ ಟರ್ಕಿ ಟವೆಲಿನ ತುಂಡನ್ನು ನೀರಿನಲ್ಲಿ ಅದ್ದಿ, ಬೇರೆ ಬೇರೆ ಲೋಟಕ್ಕೆ ಹಿಂಡಿಸಿದೆ. ಟವೆಲಿನ ಲೋಟದಲ್ಲಿ ನೀರು ಹೆಚ್ಚಿತ್ತು. ಟವೆಲಿನ ಮೇಲಿನ ಚಿಕ್ಕ ಚಿಕ್ಕ ಎಳೆಗಳನ್ನು ಮುಟ್ಟಿಸಿ, ಸಣ್ಣ ಕರುಳಿನ ಒಳಗೋಡೆಯಲ್ಲೂ ಬೆರಳಿನಂಥ ಇಂಥ ಚಾಚಿಕೆಗಳಿವೆ, ಅವೇ ವಿಲ್ಲೈ ಎಂದೆ. ಮಡಿಕೆ, ವಿಲ್ಲೈ, ಅವುಗಳ ಮೇಲಿನ ಇನ್ನೂ ಸೂಕ್ಷ್ಮ ಚಾಚಿಕೆಗಳು ಎಲ್ಲ ಸೇರಿ ಒಳಗೋಡೆಯ ವಿಸ್ತಾರ ಸುಮಾರು 30 ಚದರ ಮೀಟರ್ ಎಂದು ಇತ್ತೀಚಿನ ಅಳತೆಗಳು ಹೇಳುತ್ತವೆ. ಅಂದರೆ ಹೆಚ್ಚುಕಡಿಮೆ ಒಂದು ತರಗತಿ ಕೋಣೆಯ ನೆಲದಷ್ಟು. ಪ್ರತಿಯೊಂದು ವಿಲ್ಲಸ್ಸಿನೊಳಗೂ ಸೂಕ್ಷ್ಮ ರಕ್ತನಾಳಗಳಿವೆ. ಗ್ಲುಕೋಸ್ ಮತ್ತು ಅಮೈನೋ ಆಮ್ಲಗಳು ಗೋಡೆ ದಾಟಿ ಆ ರಕ್ತ ಸೇರಿ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತವೆ. ಕೊಬ್ಬಿನ ಬಹುಪಾಲು ದುಗ್ಧನಾಳಗಳ ದಾರಿಯಲ್ಲಿ ಸಾಗಿ ಆಮೇಲೆ ರಕ್ತ ಸೇರುತ್ತದೆ. ‘ಇಲ್ಲಿ ಯಾರು ಇಳಿದರು?’ ಎಂದು ಕೇಳುವ ಮೊದಲೇ ಉತ್ತರ ಬಂತು: ‘ಇಲ್ಲೇ ಎಲ್ಲಾ ಇಳಿಯೋದು!’

ಐದು: ದೊಡ್ಡ ಕರುಳು. ಇಲ್ಲಿ ನೀರಿನ ಲೆಕ್ಕ ಮಾಡಿದೆವು. ದೊಡ್ಡವರೊಬ್ಬರು ದಿನಕ್ಕೆ ಆಹಾರ, ಪಾನೀಯಗಳಿಂದ ಸುಮಾರು 2 ಲೀಟರ್ ನೀರು ತೆಗೆದುಕೊಂಡರೆ, ಲಾಲಾರಸ, ಜಠರರಸ, ಪಿತ್ತರಸ ಇತ್ಯಾದಿಯಾಗಿ ದೇಹವೇ ಸುಮಾರು 7 ಲೀಟರ್ ರಸವನ್ನು ಜೀರ್ಣನಾಳಕ್ಕೆ ಸುರಿಸುತ್ತದೆ. ಈ 9 ಲೀಟರಿನಲ್ಲಿ ಹೆಚ್ಚಿನದನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ಬರುವುದು ಒಂದು, ಒಂದೂವರೆ ಲೀಟರ್. ಅದೂ ಮತ್ತೆ ಹೀರಲ್ಪಟ್ಟು ಕೊನೆಗೆ ಮಲದೊಡನೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್. ಭೇದಿಯಾದಾಗ ಈ ಲೆಕ್ಕ ತಪ್ಪುತ್ತದೆ, ಅದಕ್ಕೇ ಓಆರ್‌ಎಸ್ ಕುಡಿಸುತ್ತಾರೆ. ಮಲದಲ್ಲಿ ನೀರಲ್ಲದೆ ಇರುವುದು ಜೀರ್ಣವಾಗದ ನಾರು, ಬ್ಯಾಕ್ಟೀರಿಯಾಗಳು, ಕರುಳಿನ ಉದುರಿದ ಕೋಶಗಳು. ಅದರ ಕಂದು ಬಣ್ಣ ಬರುವುದು ಪಿತ್ತರಸದ ವರ್ಣಕದಿಂದ.

ಮತ್ತೆ ಮಾತ್ರೆಗೆ

ಈಗ ಮೂರನೇ ಬೆಂಚಿನ ಹುಡುಗಿಯ ಮಾತನ್ನು, ಅವಳ ಒಪ್ಪಿಗೆ ಪಡೆದು, ಕಪ್ಪುಹಲಗೆಯ ಮೇಲೆ ಪ್ರಶ್ನೆಯಾಗಿ ಬರೆದೆ: ‘ಮಲ ಕಪ್ಪಾದರೆ ಮಾತ್ರೆ ಪೂರ್ತಿ ವೇಸ್ಟ್ ಆಯಿತೇ?’ ಗುಂಪುಗಳಲ್ಲಿ ಐದು ನಿಮಿಷ ಮಾತಾಡಿಕೊಳ್ಳಲು ಬಿಟ್ಟೆ. ಎರಡು ಗುಂಪು ‘ಹೌದು’ ಎಂದಿತು, ಉಳಿದವು ‘ಇಲ್ಲ’ ಎಂದವು. ಕೊನೆಗೆ ಎದ್ದು ನಿಂತಿದ್ದು ಆ ಹುಡುಗಿಯೇ: ‘ಇಳಿಯೋ ಕಬ್ಬಿಣ ಕರುಳಲ್ಲಿ ಇಳೀತು. ಇಳೀದೇ ಇರೋದು ಮುಂದಿನ ಊರಿಗೆ ಹೋಯ್ತು. ನಾನು ನೋಡಿದ್ದು ಅದನ್ನ.’

ಇಷ್ಟು ಸರಿ. ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಮಾತ್ರೆಯಲ್ಲಿರುವುದರಲ್ಲಿ ಒಂದು ಚಿಕ್ಕ ಪಾಲು ಮಾತ್ರ ಗೋಡೆ ದಾಟುತ್ತದೆ. ದಾಟದೆ ಉಳಿದದ್ದು ಮಲವನ್ನು ಕಪ್ಪಾಗಿಸುತ್ತದೆ. ಅವಳ ಮುಂದಿನ ಪ್ರಶ್ನೆ ನನ್ನ ಎಲ್ಲ ಪ್ರಶ್ನೆಗಳಿಗಿಂತ ಚೆನ್ನಾಗಿತ್ತು: ‘ಹಂಗಾದ್ರೆ ಜಾಸ್ತಿ ಜನ ಇಳಿಯೋ ಹಂಗೆ ಮಾಡಕ್ಕಾಗಲ್ವಾ ಮಿಸ್?’

ಆಗುತ್ತದೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವ ಕಬ್ಬಿಣಾಂಶ ಗೋಡೆ ದಾಟಲು ನೆರವಾಗುತ್ತದೆ. ಟೀ, ಕಾಫಿ, ಹಾಲು ಅಡ್ಡಿ ಮಾಡುತ್ತವೆ. ಶಾಲೆಯಲ್ಲಿ ಹಾಲು ಬೆಳಿಗ್ಗೆ, ಮಾತ್ರೆ ಮಧ್ಯಾಹ್ನ ಊಟದ ಮೇಲೆ, ಆದ್ದರಿಂದ ಅಲ್ಲಿ ತೊಡಕಿಲ್ಲ. ದೇಹದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದಾಗ ಕರುಳಿನ ಗೋಡೆ ತಾನೇ ಹೆಚ್ಚು ಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಹೇಳಿದಾಗ ಜರಡಿಯ ಹೋಲಿಕೆಯ ಮಿತಿಯನ್ನೂ ಹೇಳಿದೆ. ಜರಡಿಗೆ ಆಯ್ಕೆ ಗೊತ್ತಿಲ್ಲ. ಕರುಳಿನ ಗೋಡೆ ಜೀವಕೋಶಗಳಿಂದ ಆದದ್ದು, ಅದು ಏನನ್ನು ಎಷ್ಟು ಬಿಡಬೇಕೆಂದು ನಿಯಂತ್ರಿಸುತ್ತದೆ. ಜೊತೆಗೆ, ಮಾತ್ರೆ ತೆಗೆದುಕೊಳ್ಳದೇ ಇರುವಾಗ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಮನೆಯವರಿಗೆ ಹೇಳಿ ವೈದ್ಯರ ಬಳಿ ಹೋಗಬೇಕು ಎಂಬುದನ್ನೂ ಸೇರಿಸಿದೆ.

ಮುಂದಿನ ಮಾತ್ರೆಯ ದಿನ ಅವಳು ಡಬ್ಬಿಯಲ್ಲಿ ಅರ್ಧ ನಿಂಬೆಹಣ್ಣು ತಂದಿದ್ದಳು. ಅನ್ನ ಸಾರಿಗೆ ಹಿಂಡಿಕೊಂಡು ಊಟ ಮಾಡಿ ಮಾತ್ರೆ ನುಂಗಿದಳು. ‘ನಮಗೂ ಹಂಗೇ’ ಎಂದಿದ್ದ ಇಬ್ಬರಲ್ಲಿ ಒಬ್ಬಳು ನುಂಗಿದಳು, ಇನ್ನೊಬ್ಬಳು ಆಗಲೂ ಬೇಡ ಎಂದಳು. ಅವಳಿಗೆ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತಿತ್ತಂತೆ. ಮೊದಲ ಸಲ ಕೇಳಿದಾಗ ಅದನ್ನು ಹೇಳಿರಲಿಲ್ಲ. ಅದಕ್ಕೆ ನನ್ನ ಪಾಠದಲ್ಲಿ ಉತ್ತರವಿರಲಿಲ್ಲ. ಶಿಕ್ಷಕಿ ಅವಳ ವಿಷಯವನ್ನು ಆರೋಗ್ಯ ಕಾರ್ಯಕರ್ತೆಗೆ ತಿಳಿಸಿದರು.

ಫಲಿತಾಂಶ ಮತ್ತು ಉಳಿದ ಕೊರತೆ

ಹೊರರೇಖೆಯ ಹಾಳೆಯನ್ನು ಮತ್ತೆ ಕೊಟ್ಟಾಗ ಹೆಚ್ಚಿನವರು ಕೆಂಪು ಚುಕ್ಕಿಯನ್ನು ಸಣ್ಣ ಕರುಳಿನಲ್ಲಿಟ್ಟು, ಗೋಡೆಯಿಂದ ಹೊರಗೆ ಬಾಣ ಬರೆದಿದ್ದರು. ಆದರೂ ಕೆಲವರು ವಿಲ್ಲೈಯನ್ನು ಜಠರದೊಳಗೆ ಬರೆದಿದ್ದರು. ‘ಹೊಟ್ಟೆ’ ಎಂಬ ಪದದ ಹಿಡಿತ ಎರಡು ಅವಧಿಯಲ್ಲಿ ಬಿಡುವುದಿಲ್ಲ. ಮುಂದಿನ ಸಲ ಮೊದಲ ಹತ್ತು ನಿಮಿಷವನ್ನು ಆ ಪದಕ್ಕೇ ಕೊಡುತ್ತೇನೆ. ಮಕ್ಕಳು ತಮ್ಮ ಮೈಮೇಲೆ ಕೈಯಿಟ್ಟು ಜಠರ ಎಲ್ಲಿದೆ ಎಂದು ತೋರಿಸಲಿ. ಬಹುತೇಕ ಎಲ್ಲರೂ ಹೊಕ್ಕುಳ ತೋರಿಸುತ್ತಾರೆ. ಜಠರ ಇರುವುದು ಅದಕ್ಕಿಂತ ಮೇಲೆ, ಎಡಪಕ್ಕೆಲುಬಿನ ಕೆಳಗೆ.

ಕುಲುಮೆಯ ಹೋಲಿಕೆಯನ್ನು ಈಗಲೂ ಬಿಟ್ಟುಬಿಡಿ ಎಂದು ಹೇಳುವುದಿಲ್ಲ. ಎರಡನೇ ಪಾಠದ ಕೊನೆಯಲ್ಲಿ ‘ದೇಹ ಕುಲುಮೆಯ ಹಾಗೆ ಎಲ್ಲಿ ಇಲ್ಲ?’ ಎಂದು ಕೇಳಿದಾಗ ಮಕ್ಕಳು ಮೂರು ವ್ಯತ್ಯಾಸ ಹೇಳಿದರು: ಬೆಂಕಿ ಇಲ್ಲ, ಬೇಕಾದದ್ದು ಪಕ್ಕದಿಂದ ಹೋಗುತ್ತದೆ, ಕೆಳಗೆ ಬರುವುದು ಮಿಕ್ಕದ್ದು ಮಾತ್ರ. ಊರಿನ ಉದಾಹರಣೆ ಕೊಡುವಾಗ ಅದು ಎಲ್ಲಿ ಹೊಂದುವುದಿಲ್ಲ ಎಂಬ ಪ್ರಶ್ನೆಯನ್ನೂ ಪಾಠಯೋಜನೆಯಲ್ಲೇ ಬರೆದುಕೊಳ್ಳಬೇಕು.

ಈ ಘಟಕಕ್ಕೆ ಪಾಠಯೋಜನೆ ಬರೆಯುವವರು ಪ್ರತಿ ಅಂಗಕ್ಕೂ ನಾಲ್ಕು ಪ್ರಶ್ನೆ ಇಟ್ಟುಕೊಂಡರೆ ಸಾಕು ಎಂದು ನನ್ನ ಅನುಭವ. ಇಲ್ಲಿ ಆಹಾರದಲ್ಲಿ ಏನು ಬದಲಾಯಿತು? ಯಾವ ರಸ ಸೇರಿತು? ಗೋಡೆ ದಾಟಿ ಏನು ಹೋಯಿತು? ಮುಂದಕ್ಕೆ ಏನು ಉಳಿಯಿತು?

ಕೊನೆಯ ಮೌಲ್ಯಮಾಪನದ ಪ್ರಶ್ನೆ ನನ್ನದಲ್ಲ, ಒಬ್ಬ ಹುಡುಗನದ್ದು. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು ‘ಮಿಸ್, ಜಂತುಹುಳ ನಮ್ಮ ಒಳಗಿರತ್ತೋ ಹೊರಗಿರತ್ತೋ?’ ಎಂದ. ಮರುದಿನ ಅದನ್ನೇ ಇಡೀ ತರಗತಿಗೆ ಕೊಟ್ಟೆ. ವಡೆಯ ತೂತಿನಲ್ಲಿ ಎಂದು ಕೆಲವರು ಬರೆದರು. ಕೊಕ್ಕೆಹುಳ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ಹಾಗಾಗಿ ಇಳಿದ ಕಬ್ಬಿಣವನ್ನೂ ಅದು ಕದಿಯುತ್ತದೆ ಎಂದು ನಾನು ಸೇರಿಸಿದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯ ಮೇಲೆ ಮಾತು ಹೊರಳಿತು. ಆ ಮಾತ್ರೆಯಲ್ಲಿ ಗೋಡೆ ದಾಟುವ ಪಾಲು ಕಡಿಮೆ, ಹುಳ ಇರುವ ಜಾಗದಲ್ಲೇ ಅದಕ್ಕೆ ಕೆಲಸ. ಮೂರನೇ ಬೆಂಚಿನಿಂದ ಉತ್ತರ ಬಂತು: ‘ಹಂಗಾದ್ರೆ ಆ ಮಾತ್ರೆ ಇಳೀಬಾರದು, ಈ ಮಾತ್ರೆ ಇಳೀಬೇಕು.’ ಅದನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಗಿಸಿದೆ.